ದೋಣಿಯ ತಳದ ಬಣ್ಣವೂ ಶ್ರಾವಕನ ಹೊಣೆಯೂ

ದೋಣಿಯ ತಳಕ್ಕೆ ಯಾವ ಬಣ್ಣವನ್ನು ಬಳಿಯಬೇಕೆಂಬ ಪ್ರಶ್ನೆಯನ್ನು ನೀತಿವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಎತ್ತುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಅಹಿಂಸೆಯ ಕುರಿತು ಬರೆಯಬೇಕಾದವರು ಬಣ್ಣದ ಡಬ್ಬಿಯ ಕುರಿತು ಬರೆಯುವುದೇಕೆ ಎಂದು ಅವರು ಕೇಳಿಯಾರು. ಆದರೆ ಅಹಿಂಸೆಯು ಪ್ರವಚನ ಮಂಟಪದಲ್ಲಿ ಮಾತ್ರ ವಾಸಿಸುವ ತತ್ತ್ವವಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಟ್ರಸ್ಟಿನ ಖರ್ಚಿನ ಚೀಟಿಗೆ ರುಜು ಹಾಕುವ ಗಳಿಗೆಯಲ್ಲಿ, ಅದು ಉಳಿಯುತ್ತದೆ ಅಥವಾ ಅಳಿಯುತ್ತದೆ. ಕೊಲ್ಲುವುದಕ್ಕೆಂದೇ ತಯಾರಾದ ವಸ್ತುವೊಂದು 'ಬಣ್ಣ' ಎಂಬ ಸೌಮ್ಯವಾದ ಹೆಸರಿನಲ್ಲಿ ನಮ್ಮ ಅಂಗಡಿಗಳಿಗೂ ನಮ್ಮ ಕೆರೆಗಳಿಗೂ ಬರುತ್ತಿರುವಾಗ ಮೌನವಾಗಿರುವುದು ಅನುಮೋದನೆಗೆ ಸಮಾನವೆಂಬುದು ನನ್ನ ನಿಲುವು.

ಗೋಣಿಕೊಪ್ಪಲಿನಲ್ಲಿ ಬಣ್ಣ ಮತ್ತು ಕಬ್ಬಿಣದ ಸಾಮಾನಿನ ವ್ಯಾಪಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದಿರುವ ನನಗೆ, ಹಿಂದಿನ ದಿನಗಳಲ್ಲಿ ದೋಣಿಯ ಬಣ್ಣವನ್ನು ಕೇಳಿದ ಗಿರಾಕಿಯೊಬ್ಬನೂ ನೆನಪಿಲ್ಲ. ಕೊಡಗಿನಲ್ಲಿ ನದಿ ದಾಟಲು ಹರಿಗೋಲಿತ್ತು; ಕಾಫಿ ತೋಟದ ಕೆರೆಗಳಲ್ಲಿ ದೋಣಿಯೇ ಇರಲಿಲ್ಲ. ಪ್ರವಾಸೋದ್ಯಮವು ಬೆಳೆದ ಮೇಲೆ ಕಾಲ ಬದಲಾಗಿದೆ. ದುಬಾರೆಯಲ್ಲಿ ಕಾವೇರಿಯ ಮೇಲೂ, ದಕ್ಷಿಣ ಕೊಡಗಿನ ಬರಪೊಳೆಯಲ್ಲಿಯೂ ಮಳೆಗಾಲದಲ್ಲಿ ಜನರು ರಬ್ಬರಿನ ತೆಪ್ಪಗಳಲ್ಲಿ ವಿಹರಿಸುತ್ತಾರೆ. ಕಾಫಿ ಹೂವಿಗೆ ನೀರೊದಗಿಸಲು ಕಟ್ಟಿದ ತೋಟದ ಕೆರೆಗಳಲ್ಲಿ, ಅತಿಥಿಗಳ ವಿನೋದಕ್ಕಾಗಿ, ಫೈಬರಿನ ಪುಟ್ಟ ದೋಣಿಯನ್ನೋ ಕಾಲಿನಿಂದ ತುಳಿಯುವ ದೋಣಿಯನ್ನೋ ಇಡುವವರಿದ್ದಾರೆ. ಗಾಳಿ ತುಂಬುವ ರಬ್ಬರಿನ ತೆಪ್ಪಕ್ಕೆ ತಳದ ಬಣ್ಣ ಬೇಕಿಲ್ಲ. ಆದರೆ ಫೈಬರಿನ ಮತ್ತು ಮರದ ದೋಣಿಯವರು, "ಪಾಚಿ ಹಿಡಿಯದಂತಹ ಬಣ್ಣ ಕೊಡಿ" ಎಂದು ಕೇಳತೊಡಗಿದ್ದಾರೆ. ಆ ಬೇಡಿಕೆಯ ಹಿಂದೆ ಏನಿದೆಯೆಂಬುದನ್ನು ನಮ್ಮ ಸಮಾಜದ ವರ್ತಕರೂ ಬಸದಿಗಳ ಆಡಳಿತದವರೂ ತಿಳಿಯಬೇಕು.

ಈ ಬಣ್ಣವು ಮಾಡುವ ಕೆಲಸವೇನು?

ಗೋಡೆಯ ಬಣ್ಣವು ಗೋಡೆಯನ್ನು ಕಾಯುತ್ತದೆ. ಕಬ್ಬಿಣದ ಬಣ್ಣವು ತುಕ್ಕನ್ನು ತಡೆಯುತ್ತದೆ. ದೋಣಿಯ ತಳಕ್ಕೆ ಬಳಿಯುವ ಆ್ಯಂಟಿಫೌಲಿಂಗ್ ಬಣ್ಣದ ಕೆಲಸ ಬೇರೆ. ನೀರಿನಲ್ಲಿ ನಿಂತ ಯಾವುದೇ ವಸ್ತುವಿನ ಮೇಲೆ ಮೊದಲು ಸೂಕ್ಷ್ಮಜೀವಿಗಳ ಲೋಳೆ, ಬಳಿಕ ಪಾಚಿ, ಸಮುದ್ರವಾದರೆ ಕೊನೆಗೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಮತ್ತು ಕಪ್ಪೆಚಿಪ್ಪುಗಳು ನೆಲೆಗೊಳ್ಳುತ್ತವೆ. ಅವು ಬೆಳೆದರೆ ಹಡಗಿನ ವೇಗ ಕುಗ್ಗಿ, ಇಂಧನದ ವೆಚ್ಚ ಏರುತ್ತದೆ. ಆದುದರಿಂದ ಬಣ್ಣದೊಳಗೆ ವಿಷವನ್ನು ಬೆರೆಸಿ, ಆ ವಿಷವು ದಿನದಿನವೂ ಸ್ವಲ್ಪ ಸ್ವಲ್ಪವೇ ನೀರಿಗೆ ಕರಗುವಂತೆ ಮಾಡುತ್ತಾರೆ. ಅಂಟಲು ಬಂದ ಜೀವಿಯು ಆ ವಿಷದ ಪದರವನ್ನು ಹೊಕ್ಕು ಸಾಯಬೇಕು ಅಥವಾ ಹಿಮ್ಮೆಟ್ಟಬೇಕು. ವಿಷವು ಕರಗಿ ಹೋಗುವುದು ಈ ಬಣ್ಣದ ದೋಷವಲ್ಲ, ಅದೇ ಅದರ ಗುಣ. ಕರಗುವುದು ನಿಂತ ದಿನ ಬಣ್ಣ ಹಾಳಾಯಿತೆಂದು ಹೇಳಿ ಮತ್ತೊಂದು ಲೇಪವನ್ನು ಕೊಡುತ್ತಾರೆ.

ಇದರಲ್ಲಿ ಎರಡು ಬಗೆಗಳಿವೆ. ಒಂದು ಗಟ್ಟಿಯಾದ ಪದರ. ಅದು ಉಳಿದುಕೊಂಡು ಒಳಗಿನ ವಿಷವನ್ನು ಮಾತ್ರ ಹೊರಬಿಡುತ್ತದೆ. ಇನ್ನೊಂದು ನೀರಿನ ಉಜ್ಜಾಟಕ್ಕೆ ತಾನೇ ಸವೆಯುತ್ತ, ಸದಾ ಹೊಸ ವಿಷವನ್ನು ಹೊರಮೈಗೆ ತರುತ್ತದೆ. ಎರಡರಲ್ಲಿಯೂ ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ತಾಮ್ರದ ಸಂಯುಕ್ತ, ಅದರಲ್ಲೂ ಕ್ಯೂಪ್ರಸ್ ಆಕ್ಸೈಡ್. ಅದರ ಜೊತೆಗೆ ಪಾಚಿಯನ್ನು ಕೊಲ್ಲಲು ಜಿಂಕ್ ಪೈರಿಥಿಯೋನ್ ಮೊದಲಾದ ಬೇರೆ ವಿಷಗಳನ್ನೂ ಸೇರಿಸುವುದುಂಟು. ಹಡಗಿನ ತಳಕ್ಕೂ ತಾಮ್ರಕ್ಕೂ ನಂಟು ಹಳೆಯದು: ಬ್ರಿಟಿಷ್ ನೌಕಾಪಡೆಯು 1761ರಲ್ಲಿ 'ಅಲಾರ್ಮ್' ಎಂಬ ತನ್ನ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ಪರೀಕ್ಷಿಸಿತು. ಅಂದಿನ ತಗಡೇ ಇಂದು ಪುಡಿಯಾಗಿ ಡಬ್ಬಿಯೊಳಗೆ ಸೇರಿದೆ ಎನ್ನಬಹುದು.

ಲೆಕ್ಕದ ಪುಸ್ತಕ ಹೇಳುವುದೇನು?

ವರ್ತಕರಾದ ನಮಗೆ ಮಾತಿಗಿಂತ ಲೆಕ್ಕ ಹೆಚ್ಚು ಅರ್ಥವಾಗುತ್ತದೆ. ಒಂದು ಸಾಧಾರಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ಐದು ಮೀಟರ್ ಉದ್ದದ ದೋಣಿಯ ತಳದ ವಿಸ್ತೀರ್ಣವನ್ನು 8 ಚದರ ಮೀಟರ್ ಎಂದು ಹಿಡಿಯೋಣ. ಒಂದು ಲೀಟರ್ ಬಣ್ಣವು 10 ಚದರ ಮೀಟರಿಗೆ ಸಾಕೆಂದುಕೊಂಡರೆ ಎರಡು ಲೇಪಗಳಿಗೆ 1.6 ಲೀಟರ್ ಬೇಕು. ಈ ಬಣ್ಣವು ಬಹಳ ತೂಕದ್ದು, ಲೀಟರಿಗೆ 1.8 ಕಿಲೋ ಎಂದು ಹಿಡಿದರೆ ಒಟ್ಟು ತೂಕ 2.88 ಕಿಲೋ. ಅದರಲ್ಲಿ ಕ್ಯೂಪ್ರಸ್ ಆಕ್ಸೈಡಿನ ಪಾಲು ಶೇಕಡಾ 40 ಎಂದಾದರೆ 1.15 ಕಿಲೋ, ಅದರೊಳಗಿನ ಶುದ್ಧ ತಾಮ್ರ ಸುಮಾರು 1 ಕಿಲೋ. ಇದಕ್ಕಿಂತ ಹೆಚ್ಚು ತಾಮ್ರವಿರುವ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ, ಕಡಿಮೆಯಿರುವವೂ ಇವೆ.

ಈ ಒಂದು ಕಿಲೋ ತಾಮ್ರ ಎಷ್ಟು ನೀರನ್ನು ಕೆಡಿಸಬಲ್ಲುದು? ಖನಿಜಾಂಶ ಕಡಿಮೆಯಿರುವ ಮೆದು ನೀರಿನಲ್ಲಿ, ಲೀಟರಿಗೆ ಹತ್ತು ಮೈಕ್ರೋಗ್ರಾಮಿನಷ್ಟು, ಎಂದರೆ ಒಂದು ಗ್ರಾಮಿನ ಒಂದು ಲಕ್ಷದಲ್ಲೊಂದು ಪಾಲಿನಷ್ಟು ತಾಮ್ರವೇ, ನೀರಿನ ಚಿಗಟವೆಂದು ಕರೆಯುವ ಡ್ಯಾಫ್ನಿಯಾದಂತಹ ಸೂಕ್ಷ್ಮ ಪ್ರಾಣಿಗಳಿಗೆ ಮಾರಕವಾಗಬಲ್ಲುದು. ಆ ಪ್ರಮಾಣದಲ್ಲಿ ಹರಡಿದರೆ ಒಂದು ಕಿಲೋ ತಾಮ್ರವು ಹತ್ತು ಕೋಟಿ ಲೀಟರ್ ನೀರಿಗೆ ಸಾಕು. ಹನ್ನೆರಡು ಎಕರೆ ವಿಸ್ತಾರದ, ಎರಡು ಮೀಟರ್ ಆಳದ ಕೆರೆಯಲ್ಲಿ ಹಿಡಿಸುವ ನೀರು ಅಷ್ಟೇ. ಕರಗಿದ ತಾಮ್ರವೆಲ್ಲ ನೀರಿನಲ್ಲಿಯೇ ಉಳಿಯುವುದಿಲ್ಲ, ನಿಜ. ಒಂದು ಭಾಗ ಕೆಸರಿಗೆ ಸೇರುತ್ತದೆ, ಒಂದು ಭಾಗ ಕೊಳೆತ ಎಲೆಗಳ ಅಂಶದೊಡನೆ ಬೆರೆತು ತೀಕ್ಷ್ಣತೆಯನ್ನು ಕಳೆದುಕೊಳ್ಳುತ್ತದೆ. ಆದರೆ ತಾಮ್ರವು ಮೂಲಧಾತು. ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಪ್ರತಿವರ್ಷ ಬಳಿದರೆ ಪ್ರತಿವರ್ಷವೂ ಕೆರೆಯ ಖಾತೆಗೆ ಜಮೆಯಾಗುತ್ತಲೇ ಹೋಗುತ್ತದೆ. ಖರ್ಚಿನ ಕಲಮೇ ಇಲ್ಲದ ಖಾತೆ ಅದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ಗೊತ್ತುಪಡಿಸಿದ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಎಂದರೆ 50 ಮೈಕ್ರೋಗ್ರಾಂ. ಮನುಷ್ಯನು ನಿರಾತಂಕವಾಗಿ ಕುಡಿಯಬಹುದಾದ ನೀರಿನಲ್ಲಿಯೇ ಸೂಕ್ಷ್ಮ ಜೀವಿಯು ಸಾಯಬಲ್ಲುದೆಂದು ಇದರಿಂದ ಸಿದ್ಧವಾಗುತ್ತದೆ. "ನೀರು ಪರೀಕ್ಷೆಯಲ್ಲಿ ಪಾಸಾಗಿದೆ" ಎಂಬ ಮಾತು ನಮ್ಮ ಆರೋಗ್ಯಕ್ಕೆ ಉತ್ತರ. ಅವುಗಳ ಪ್ರಾಣಕ್ಕೆ ಉತ್ತರವಲ್ಲ.

ವಿಷದ ಹಿಂದಿನ ಚರಿತ್ರೆ

'ಸರಕಾರವೇ ಮಾರಲು ಬಿಟ್ಟಿರುವಾಗ ನಾವೇಕೆ ತಲೆ ಕೆಡಿಸಿಕೊಳ್ಳಬೇಕು?' ಎನ್ನುವವರು ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತದ ಕಥೆಯನ್ನು ಕೇಳಬೇಕು. 1960ರ ದಶಕದಿಂದ ಅದು ಹಡಗಿನ ಬಣ್ಣಗಳಲ್ಲಿ ಅತ್ಯುತ್ತಮವೆಂದು ಹೆಸರು ಪಡೆಯಿತು. 1970ರ ದಶಕದ ಕೊನೆಯ ಹೊತ್ತಿಗೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳ ಸಂತಾನ ನಿಂತಿತು. ಬದುಕುಳಿದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿತು. ಆ ಕೊಲ್ಲಿಯಲ್ಲಿ ನಿಂತಿದ್ದ ವಿನೋದದ ದೋಣಿಗಳ ತಳದ ಬಣ್ಣವೇ ಕಾರಣವೆಂದು ತಿಳಿದು, 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಇಂಗ್ಲೆಂಡಿನ ಕರಾವಳಿಯ ಒಂದು ಜಾತಿಯ ಸಮುದ್ರದ ಬಸವನಹುಳುಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅವಯವಗಳು ಮೂಡಿ, ಮೊಟ್ಟೆಯಿಡಲಾರದೆ ಸಂತತಿಯೇ ನಶಿಸಿತು. ಬ್ರಿಟನ್ 1987ರಲ್ಲಿ, ಅಮೆರಿಕ 1988ರಲ್ಲಿ ಸಣ್ಣ ದೋಣಿಗಳಿಗೆ ಅದರ ಬಳಕೆಯನ್ನು ತಡೆದವು. ಅಂತರರಾಷ್ಟ್ರೀಯ ಒಪ್ಪಂದ ಅಂಗೀಕಾರವಾದುದು 2001ರಲ್ಲಿ. ಜಾರಿಗೆ ಬಂದುದು 2008ರ ಸೆಪ್ಟೆಂಬರಿನಲ್ಲಿ. ಹಾನಿ ಕಣ್ಣಿಗೆ ಬಿದ್ದ ಮೇಲೂ ಜಗತ್ತಿನ ಕಾನೂನಿಗೆ ಕಾಲು ಶತಮಾನ ಹಿಡಿಯಿತು. ಅದರ ಜಾಗಕ್ಕೆ ಬಂದ ಸೈಬ್ಯುಟ್ರಿನ್ ಎಂಬ ಪಾಚಿನಾಶಕವನ್ನೂ ಅದೇ ಒಪ್ಪಂದದಡಿ 2023ರ ಜನವರಿಯಿಂದ ಹಡಗುಗಳಿಗೆ ಬಳಿಯಬಾರದೆಂದು ನಿಷೇಧಿಸಲಾಯಿತು.

ಒಂದು ವಿಷ ಹೋದರೆ ಮತ್ತೊಂದು ಬರುತ್ತದೆ; ಪ್ರತಿಯೊಂದೂ ಬರುವಾಗ 'ಹಿಂದಿನದಕ್ಕಿಂತ ಸೌಮ್ಯ' ಎಂಬ ಪ್ರಶಸ್ತಿಪತ್ರದೊಡನೆಯೇ ಬರುತ್ತದೆ. ಕಾನೂನು ಯಾವಾಗಲೂ ಹೆಣದ ಹಿಂದೆ ನಡೆಯುತ್ತದೆ. ಧರ್ಮವು ಮುಂದೆ ನಡೆಯಬೇಕು. ಇಲ್ಲವಾದರೆ ಅದರ ಪ್ರಯೋಜನವೇನು?

ಶಾಸ್ತ್ರದ ಒರೆಗಲ್ಲು

ಗೃಹಸ್ಥನು ಹಿಂಸೆಯಿಂದ ಪೂರ್ತಿ ಪಾರಾಗಲಾರನೆಂಬುದು ನಮ್ಮ ಆಚಾರ್ಯರಿಗೆ ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ವಿಧವಾಗಿ ವಿಂಗಡಿಸಿದರು. ಅಡುಗೆ, ಮನೆ, ಕೃಷಿ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ಅನಿವಾರ್ಯವಾಗಿ ಆಗುವುದನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯು ಪೂರ್ತಿಯಾಗಿ ಬಿಡಬೇಕು. ವಿನೋದದ ದೋಣಿಗೆ ಜೀವನಾಶಕ ಬಣ್ಣವನ್ನು ಬಳಿಯುವುದು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ? ಅದು ಅಡುಗೆಯಲ್ಲ, ಕೃಷಿಯಲ್ಲ, ರಕ್ಷಣೆಯಲ್ಲ. ಕೊಲ್ಲುವ ಗುಣಕ್ಕಾಗಿಯೇ ಹೆಚ್ಚು ಹಣ ತೆತ್ತು ಕೊಂಡ ವಸ್ತುವನ್ನು ಬಳಸಿ, "ನನಗೆ ಕೊಲ್ಲುವ ಸಂಕಲ್ಪವಿರಲಿಲ್ಲ" ಎನ್ನುವುದು ಸತ್ಯವ್ರತಕ್ಕೂ ಭಂಗ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಹಿಂಸಾದಾನವನ್ನು ಎಣಿಸಿದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಹಿಂಸೋಪಕರಣಗಳನ್ನು ಪಟ್ಟಿ ಮಾಡುವಾಗ ಮೊದಲು ಹೆಸರಿಸುವುದೇ ವಿಷವನ್ನು. ಪ್ರಯೋಜನವಿಲ್ಲದೆ ಮಾಡುವ ಪಾಪವೇ ಅನರ್ಥದಂಡ. ಅದೇ ಆಚಾರ್ಯರು ನಿಷ್ಕಾರಣವಾಗಿ ನೀರನ್ನು ಕದಡುವುದನ್ನೂ ಪ್ರಮಾದಚರ್ಯೆಯೆಂದಿದ್ದಾರೆ. ಹಾಗಾದರೆ ವಿಹಾರದ ದೋಣಿಯೇ ಬೇಡವೇ ಎಂದು ಕೇಳಬಹುದು. ಆ ಕಠೋರ ತೀರ್ಮಾನವನ್ನು ನಾನು ಎಲ್ಲರ ಮೇಲೆ ಹೇರುವುದಿಲ್ಲ. ಅದು ಅವರವರ ವ್ರತದ ಪ್ರಶ್ನೆ. ಆದರೆ ಕದಡುವುದೇ ಪ್ರಮಾದವಾದ ನೀರಿಗೆ ವಿಷವನ್ನು ಕರಗಿಸುವುದನ್ನು ಏನೆಂದು ಕರೆಯಬೇಕು?

ನಮ್ಮ ಮನೆಗಳ ಹೆಂಗಸರು ತಲೆತಲಾಂತರದಿಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಅದೇ ಬಾವಿಗೆ ಅಥವಾ ಕೆರೆಗೆ ಹಿಂದಕ್ಕೆ ಬಿಟ್ಟರು. ಬೇರೆ ನೀರಿಗೆ ಬಿಟ್ಟರೂ ಅವು ಸತ್ತಾವೆಂಬ ಎಚ್ಚರ ಅವರಿಗಿತ್ತು. ಬಿ.ಕಾಂ. ಓದದ, ರಸಾಯನಶಾಸ್ತ್ರ ತಿಳಿಯದ ಆ ತಾಯಂದಿರು ಒಂದು ತಂಬಿಗೆ ನೀರಿನಲ್ಲಿ ತೋರಿದ ದಯೆಯನ್ನು, ಅವರ ವಿದ್ಯಾವಂತ ಮೊಮ್ಮಕ್ಕಳು ಒಂದು ಇಡೀ ಕೆರೆಯ ವಿಷಯದಲ್ಲಿ ತೋರಲಾರರೇ?

ಆಕ್ಷೇಪಗಳಿಗೆ ಸಮಾಧಾನ

ಮೊದಲನೆಯ ಆಕ್ಷೇಪ: 'ಪಾಚಿಯು ಏಕೇಂದ್ರಿಯ ಜೀವ, ಸ್ಥಾವರ ಹಿಂಸೆಯು ಗೃಹಸ್ಥನಿಗೆ ಪೂರ್ತಿ ನಿಷಿದ್ಧವಲ್ಲ.' ಪಾಚಿ ಏಕೇಂದ್ರಿಯವೆಂಬುದು ಸರಿ. ಆದರೆ ತಾಮ್ರಕ್ಕೆ ಇಂದ್ರಿಯಗಳ ಎಣಿಕೆ ಬಾರದು. ಅದು ಪಾಚಿಯನ್ನು ಕೊಲ್ಲುವ ನೀರಿನಲ್ಲಿಯೇ ಬಸವನಹುಳು, ಕೀಟದ ಮರಿ, ಮೀನಿನ ಮರಿಗಳೂ ಇವೆ. ಇವೆಲ್ಲ ತ್ರಸಜೀವಗಳು, ತ್ರಸಹಿಂಸೆಯ ತ್ಯಾಗವೇ ಅಹಿಂಸಾಣುವ್ರತದ ತಳಹದಿ. ಕಾವೇರಿಯ ಮಹಶೀರ್ ಮೀನು 2018ರಿಂದ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಯಲ್ಲಿದೆಯೆಂಬುದನ್ನೂ ನದಿತೀರದ ನಾವು ಮರೆಯಬಾರದು.

ಎರಡನೆಯದು ಕೊಡಗಿನವರಿಗೂ ಕಾರ್ಕಳ-ಮೂಡುಬಿದಿರೆ ಕಡೆಯವರಿಗೂ ಕೂಡಲೇ ಹೊಳೆಯುವ ಆಕ್ಷೇಪ: 'ಕಾಫಿಗೂ ಕರಿಮೆಣಸಿಗೂ ಅಡಿಕೆಗೂ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತೇವೆ. ಅದರಲ್ಲಿರುವುದೂ ಮೈಲುತುತ್ತೇ. ತೋಟಕ್ಕೆ ಕ್ವಿಂಟಾಲುಗಟ್ಟಲೆ ತಾಮ್ರ ಸುರಿದು ದೋಣಿಯ ಒಂದು ಕಿಲೋಗೆ ಅಳುವುದೇಕೆ?' ಇದು ಬಲವಾದ ವಾದ, ಹಾರಿಸಿಬಿಡುವಂತಹುದಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿದ ದ್ರಾವಣದಿಂದ ಬೆಳೆಗಾರನು ಮೆಣಸಿನ ಬಳ್ಳಿಯನ್ನು ಸೊರಗು ರೋಗದಿಂದ ಉಳಿಸಿಕೊಳ್ಳುತ್ತಾನೆ. ಅದು ಅವನ ಅನ್ನದ ಪ್ರಶ್ನೆ, ಉದ್ಯೋಗೀ ಹಿಂಸೆಯ ಕಕ್ಷೆಗೆ ಸೇರಿದುದು. ಅಲ್ಲಿಯೂ ಅಳತೆ ಮೀರದಂತೆ, ಹೊಳೆಗೆ ಹರಿಯದಂತೆ ನೋಡಿಕೊಳ್ಳುವ ಹೊಣೆ ಇದ್ದೇ ಇದೆ. ಆದರೆ ಅಲ್ಲಿ ತಾಮ್ರವು ಎಲೆಯ ಮೇಲೆ ನಿಲ್ಲಬೇಕೆಂಬುದು ಉದ್ದೇಶ. ತೊಳೆದುಹೋದುದರ ಬಹುಭಾಗವನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ತಾಮ್ರವು ನೇರವಾಗಿ ನೀರಿಗೇ ಕರಗಬೇಕೆಂಬುದು ಉದ್ದೇಶ. ಅಲ್ಲಿ ಅನ್ನ, ಇಲ್ಲಿ ವಿನೋದ. ಅನಿವಾರ್ಯವಾದ ಒಂದು ಹಿಂಸೆಯನ್ನು ತೋರಿಸಿ ಅನಾವಶ್ಯಕವಾದ ಇನ್ನೊಂದಕ್ಕೆ ಪರವಾನಗಿ ಕೇಳುವುದು ಸಾಲಗಾರನು ಹಳೆಯ ಸಾಲವನ್ನು ತೋರಿಸಿ ಹೊಸ ಸಾಲ ಬೇಡಿದಂತೆ.

ಮೂರನೆಯದು: 'ಬಣ್ಣ ಬಳಿಯದಿದ್ದರೆ ಜೀವಿಗಳು ಅಂಟುತ್ತವೆ, ಬಳಿಕ ಕೆರೆದು ತೆಗೆಯುವಾಗಲೂ ಅವು ಸಾಯುತ್ತವೆ.' ಸಮುದ್ರದಲ್ಲಿ ನಿಂತೇ ಇರುವ ದೊಡ್ಡ ದೋಣಿಗಳ ಮಟ್ಟಿಗೆ ಈ ಮಾತಿನಲ್ಲಿ ತೂಕವಿದೆ. ಅಂಟಿಕೊಂಡ ಜೀವಿಗಳು ಹಡಗಿನೊಡನೆ ಪರದೇಶಕ್ಕೆ ಹೋಗಿ ಅಲ್ಲಿಯ ಜೀವಿಗಳನ್ನು ಒಕ್ಕಲೆಬ್ಬಿಸುವುದೂ ಉಂಟು; ಅಮೆರಿಕ ಖಂಡದ ಮೂಲದ ಒಂದು ಕಪ್ಪೆಚಿಪ್ಪು ಈಚಿನ ವರ್ಷಗಳಲ್ಲಿ ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಹಬ್ಬಿದುದನ್ನು ಬಲ್ಲವರು ಬಲ್ಲರು. ಆದರೆ ಬಾರ್ನಕಲ್ಲುಗಳು ಉಪ್ಪುನೀರಿನವು. ನಮ್ಮ ಮಲೆನಾಡಿನ ಕೆರೆಹೊಳೆಗಳ ಸಿಹಿನೀರಿನಲ್ಲಿ ದೋಣಿಗೆ ಅಂಟುವುದು ಹೆಚ್ಚಾಗಿ ಲೋಳೆ ಮತ್ತು ಪಾಚಿ. ಸಂಜೆ ದಡಕ್ಕೆಳೆದು ಇಡುವ ದೋಣಿಗೆ ಅದೂ ಬಲವಾಗಿ ಅಂಟದು. ಸ್ವೀಡನ್ ದೇಶದಲ್ಲಿ ಸಿಹಿನೀರಿನ ಕೆರೆಗಳ ವಿಹಾರದ ದೋಣಿಗಳಿಗೆ ಜೀವನಾಶಕ ಬಣ್ಣವನ್ನು ಬಳಸಲು ಅನುಮತಿಯೇ ಇಲ್ಲ; ಆದರೂ ಅಲ್ಲಿನ ಜನರು ದೋಣಿವಿಹಾರವನ್ನು ನಿಲ್ಲಿಸಿಲ್ಲ. ಸಮುದ್ರದ ಬಣ್ಣವನ್ನು ಕೆರೆಗೆ ಬಳಿಯುವುದು ಇಲ್ಲದ ಶತ್ರುವಿನ ಮೇಲೆ ಫಿರಂಗಿ ಹಾರಿಸಿದಂತೆ. ಗುಂಡು ಮಾತ್ರ ಯಾರಿಗೋ ತಾಗುತ್ತದೆ.

ನಾಲ್ಕನೆಯದು ವರ್ತಕ ಬಂಧುಗಳದು: 'ನಾವು ಮಾರುತ್ತೇವೆ ಅಷ್ಟೇ; ಬಳಸಿದವನ ಪಾಪ ಬಳಸಿದವನಿಗೆ.' ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಮಾತುಗಳನ್ನು ಬಾಲ್ಯದಿಂದ ಕೇಳಿ ಬೆಳೆದವನ ಬಾಯಿಯಲ್ಲಿ ಈ ವಾದ ಶೋಭಿಸದು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ವರ್ಜಿಸಬೇಕಾದ ಕ್ರೂರ ವೃತ್ತಿಗಳನ್ನು ಎಣಿಸುವಾಗ ವಿಷದ ವ್ಯಾಪಾರವನ್ನೂ ಎಣಿಸಿದ್ದಾರೆ. ಲಾಭದ ಮಾತೆಂದರೆ, ಒಳನಾಡಿನ ಅಂಗಡಿಗೆ ಈ ಸರಕು ವರ್ಷಕ್ಕೆ ನಾಲ್ಕಾರು ಡಬ್ಬಿಗಳ ವ್ಯಾಪಾರ. ಅಷ್ಟು ಸಣ್ಣ ಲಾಭವನ್ನೂ ಬಿಡಲಾರದವರು ದೊಡ್ಡ ತ್ಯಾಗಗಳ ಪ್ರವಚನವನ್ನು ಮುಂದಿನ ಸಾಲಿನಲ್ಲಿ ಕುಳಿತು ಕೇಳುವುದರಿಂದ ಆಗುವ ಫಲವೇನು?

ಬಸದಿಗಳ ಆಡಳಿತದವರಿಗೆ

ಈ ಪ್ರಶ್ನೆಯು ರೆಸಾರ್ಟುಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಕಾರ್ಕಳ ಸೀಮೆಯ ವರಂಗದ ಕೆರೆ ಬಸದಿಯು ನೀರಿನ ನಡುವೆ ಇದೆ. ಆ ಚತುರ್ಮುಖ ಜಿನಾಲಯದ ದರ್ಶನಕ್ಕೆ ಯಾತ್ರಿಕರು ದೋಣಿಯಲ್ಲಿಯೇ ಹೋಗಬೇಕು. ಅಲ್ಲಿಗೆ ಹೋದ ಯಾವ ಶ್ರಾವಕನಾದರೂ ದೋಣಿಯಲ್ಲಿ ಕುಳಿತಾಗ ಕೆರೆಯ ಮೀನುಗಳನ್ನೂ ತಾವರೆಯನ್ನೂ ನೋಡಿ ಸಂತೋಷಪಟ್ಟಿರುತ್ತಾನೆ. ಜಿನದರ್ಶನಕ್ಕೆ ನಮ್ಮನ್ನು ಒಯ್ಯುವ ದೋಣಿಯ ತಳವು ಎಂದೆಂದಿಗೂ ನಿರ್ವಿಷವಾಗಿರಬೇಕೆಂಬುದು ಹೇಳಿಸಿಕೊಳ್ಳಬೇಕಾದ ಮಾತಲ್ಲ. ಆದರೆ ದಾನಿಗಳು ಉತ್ಸಾಹದಿಂದ ಹೊಸ ದೋಣಿಯನ್ನು ಕೊಡುವ, ಗುತ್ತಿಗೆದಾರನು 'ಒಳ್ಳೆಯ ಬಣ್ಣ'ವನ್ನು ಹಾಕಿಸುವ ಈ ಕಾಲದಲ್ಲಿ, ಎಲ್ಲ ಟ್ರಸ್ಟುಗಳೂ ಇದನ್ನು ಬಾಯಿಮಾತಿನಲ್ಲಿ ಬಿಡದೆ ಲಿಖಿತ ನಿಯಮವಾಗಿ ಇಟ್ಟುಕೊಳ್ಳುವುದು ಕ್ಷೇಮ. ಕ್ಷೇತ್ರದ ಕೆರೆಯ ಜೀವಿಗಳು ಕ್ಷೇತ್ರದ ಅಭಯದಲ್ಲಿರುವ ಜೀವಿಗಳು.

ಬೇಡವೆಂದು ಹೇಳಿ ಸುಮ್ಮನಾಗುವುದು ಲೇಖಕನಿಗೆ ಸುಲಭ. ದೋಣಿಯನ್ನು ಕಾಯಬೇಕಾದವನಿಗೆ ಮಾರ್ಗವೂ ಬೇಕು. ಆದುದರಿಂದ ವೃತ್ತಿಯ ಅನುಭವದಿಂದ ಕೆಲವು ಸೂಚನೆಗಳನ್ನು ಕೊಡುತ್ತೇನೆ.

ಒಂದು, ಡಬ್ಬಿಯ ಮೇಲಿನ ಬರಹವನ್ನು ಓದಿರಿ. ಆ್ಯಂಟಿಫೌಲಿಂಗ್, ಕ್ಯೂಪ್ರಸ್ ಆಕ್ಸೈಡ್, ಪೈರಿಥಿಯೋನ್, ಬಯೋಸೈಡ್ ಎಂಬ ಯಾವ ಶಬ್ದವಿದ್ದರೂ ಕೆಳಗಿಡಿರಿ. ಅಲ್ಯೂಮಿನಿಯಂ ದೋಣಿಗಂತೂ ತಾಮ್ರದ ಬಣ್ಣ ದೋಣಿಗೂ ಕೇಡು; ಎರಡು ಲೋಹಗಳು ನೀರಿನಲ್ಲಿ ಕೂಡಿದಾಗ ಅಲ್ಯೂಮಿನಿಯಂ ಸವೆದು ತೂತಾಗುತ್ತದೆ.

ಎರಡು, ಸಿಹಿನೀರಿನ ದೋಣಿಗೆ ಬೇಕಾದುದು ನೀರನ್ನು ತಡೆಯುವ ನುಣುಪಾದ, ಗಟ್ಟಿಯಾದ ಪದರ. ಫೈಬರಿನ ದೋಣಿಯು ಬಹುಕಾಲ ನೀರಿನಲ್ಲಿಯೇ ನಿಂತರೆ ಒಳಗೆ ತೇವ ಹೊಕ್ಕು ಬೊಬ್ಬೆಗಳೇಳುತ್ತವೆ. ಅದಕ್ಕೆ ಎಪಾಕ್ಸಿ ಪ್ರೈಮರಿನ ಲೇಪಗಳೂ, ಅದರ ಮೇಲೆ ಎರಡು-ಡಬ್ಬಿ ಎಪಾಕ್ಸಿ ಅಥವಾ ಪಾಲಿಯುರಿಥೇನ್ ಬಣ್ಣವೂ ಸಾಕು. ಮರದ ದೋಣಿಗೆ ಕರಾವಳಿಯಲ್ಲಿ ಮೀನೆಣ್ಣೆಯನ್ನು ಬಳಿಯುವ ರೂಢಿಯಿದೆ. ಅದು ನಮಗೆ ಸಲ್ಲದು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯೂ ಅಲ್ಲಿ ಬಳಕೆಯಲ್ಲಿರುವುದೇ. ಅದು ಮರವನ್ನು ಕಾಯುತ್ತದೆ. ಆದರೆ ಅದು ಚರ್ಮವನ್ನು ಸುಡುವ ತೀಕ್ಷ್ಣ ವಸ್ತು. ಕೈಗವಸು ತೊಟ್ಟು ಬಳಿಯಬೇಕು, ಪೂರ್ತಿಯಾಗಿ ಒಣಗುವವರೆಗೆ ದೋಣಿಯನ್ನು ನೀರಿಗಿಳಿಸಬಾರದು.

ಮೂರು, ಕಾಲ. ಮಲೆನಾಡಿನ ಮಳೆಗಾಲದ ತೇವದಲ್ಲಿ ಯಾವ ಬಣ್ಣವೂ ಹಿಡಿಯದು. ಜನವರಿಯಿಂದ ಮಾರ್ಚಿಯವರೆಗಿನ ಒಣ ದಿನಗಳೇ ಸೂಕ್ತ. ದೋಣಿಯನ್ನು ಮೇಲೆತ್ತಿ, ತೊಳೆದು, ನೆರಳಿನಲ್ಲಿ ಹಲವು ದಿನ ಒಣಗಿಸಿ, ಬಿರುಕುಗಳಿಗೆ ಪುಟ್ಟಿ ತುಂಬಿ, ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜಿ, ತೆಳುವಾದ ಲೇಪಗಳನ್ನು ಹೇಳಿದ ಅಂತರದಲ್ಲಿ ಕೊಡಬೇಕು. ಅವಸರದಿಂದ ಒಂದೇ ದಪ್ಪ ಲೇಪ ಕೊಟ್ಟರೆ ಮುಂದಿನ ವರ್ಷ ಸುಲಿದು ಬರುತ್ತದೆ.

ನಾಲ್ಕು, ಹಳೆಯ ವಿಷಬಣ್ಣವಿರುವ ದೋಣಿಯನ್ನು ಕೆರೆಯ ದಂಡೆಯಲ್ಲಿ ಎಂದಿಗೂ ಕೆರೆಯಬೇಡಿರಿ. ನೀರಿನಿಂದ ದೂರ ಒಯ್ದು, ಕೆಳಗೆ ಟಾರ್ಪಾಲು ಹಾಸಿ, ಮೂಗು-ಬಾಯಿಗೆ ಸರಿಯಾದ ಮುಖಕವಚ ಧರಿಸಿ, ಒಣಪುಡಿ ಏಳದಂತೆ ಒದ್ದೆಯಾಗಿಯೇ ಉಜ್ಜಬೇಕು. ಬಿದ್ದ ಚೂರುಗಳನ್ನೂ ಕೆಸರನ್ನೂ ಕೂಡಿಸಿ ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯವನ್ನು ಪಡೆಯುವವರಿಗೆ ಒಪ್ಪಿಸಬೇಕು. ಸುಡಬಾರದು, ಗುಂಡಿಗೆ ಹಾಕಬಾರದು. ಈ ಕೆಲಸಕ್ಕೆ ಬರುವ ಕೂಲಿಯಾಳುಗಳ ಶ್ವಾಸಕೋಶವೂ ಅಹಿಂಸೆಯ ವ್ಯಾಪ್ತಿಯೊಳಗೇ ಇದೆ ಎಂಬುದನ್ನು ನೆನಪಿಡಬೇಕು.

ಐದು, ಉಪಯೋಗವಿಲ್ಲದಾಗ ದೋಣಿಯು ನೀರಿನಲ್ಲಿರಬಾರದು. ಸಂಜೆ ದಡಕ್ಕೆ ತರುವ ಮೊದಲು, ಇನ್ನೂ ನೀರಿನಲ್ಲಿರುವಾಗಲೇ, ಮೆದುಬಟ್ಟೆಯಿಂದ ತಳವನ್ನು ಮೃದುವಾಗಿ ಒರೆಸಿದರೆ ಅಂಟತೊಡಗಿದ ಜೀವಿಗಳು ಅದೇ ನೀರಿಗೆ ಹಿಂದಿರುಗುತ್ತವೆ. ಇದು ನೀರು ಸೋಸುವ ನಮ್ಮ ಹಳೆಯ ಆಚಾರದ್ದೇ ವಿಸ್ತರಣೆ. ಮರದ ದಿಮ್ಮಿಗಳ ಮೇಲೆ ಬೋರಲಾಗಿ ಇಟ್ಟ ದೋಣಿಗೆ ಆಯುಷ್ಯವೂ ಹೆಚ್ಚು. ವಿಹಾರದ ದೋಣಿಗಳನ್ನು ಚಾತುರ್ಮಾಸದಲ್ಲಿ ಪೂರ್ತಿಯಾಗಿ ಮೇಲೆತ್ತಿಡುವುದು ಇನ್ನೂ ಒಳ್ಳೆಯದು. ಜೀವೋತ್ಪತ್ತಿ ಹೆಚ್ಚೆಂದು ಮುನಿಗಳೇ ವಿಹಾರವನ್ನು ನಿಲ್ಲಿಸುವ ತಿಂಗಳುಗಳವು.

ಆರು, ಮಲ್ಪೆ, ಹೊನ್ನಾವರ, ಕಾರವಾರಗಳ ಕಡೆ ಉಪ್ಪುನೀರಿನಲ್ಲಿ ಪ್ರವಾಸಿ ದೋಣಿಗಳನ್ನು ನಡೆಸುವ ಬಂಧುಗಳು ಸಿಲಿಕೋನಿನ ಜಾರುಪದರಗಳನ್ನು ವಿಚಾರಿಸಬಹುದು. ಅವುಗಳಲ್ಲಿ ಜೀವನಾಶಕವಿಲ್ಲದ ಬಗೆಗಳು ಜೀವಿಗಳು ಗಟ್ಟಿಯಾಗಿ ಹಿಡಿಯದಂತೆ ಮಾಡುತ್ತವೆ, ಕೊಲ್ಲುವುದಿಲ್ಲ. ಬೆಲೆ ಹೆಚ್ಚು, ಬಳಿಯಲು ನುರಿತ ಕೈ ಬೇಕು, ಸದಾ ನಿಂತಿರುವ ದೋಣಿಗೆ ಅಷ್ಟು ಫಲಕಾರಿಯೂ ಅಲ್ಲ. ಆದರೂ ವಿಷಕ್ಕಿಂತ ಬೇರೆ ದಾರಿಯೇ ಇಲ್ಲವೆಂಬ ಮಾತು ಇಂದು ನಿಜವಲ್ಲ.

ಕೊನೆಯ ಮಾತು

ಕೊಡಗಿನ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳು ಸಾವಿರ ವರ್ಷಗಳ ಸಮೀಪದಿಂದ ನಿಂತಿವೆ. ಕಾವೇರಿಯ ಈ ನಾಡಿನಲ್ಲಿ ಜಿನಧರ್ಮವು ಅಪರಿಚಿತವಾದುದಲ್ಲವೆಂಬುದಕ್ಕೆ ಆ ಕಲ್ಲುಗಳು ಸಾಕ್ಷಿ. ಕಲ್ಲುಗಳ ಸಾಕ್ಷಿಯನ್ನು ಜೀರ್ಣೋದ್ಧಾರದಿಂದ ಉಳಿಸಬಹುದು; ಧರ್ಮದ ಸಾಕ್ಷಿಯನ್ನು ನಡತೆಯಿಂದ ಮಾತ್ರ ಉಳಿಸಬಹುದು.

ಆದುದರಿಂದ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ ಎರಡು ಸಾಲಿನ ಠರಾವನ್ನು ಮಾಡಲಿ: ಕ್ಷೇತ್ರದ ದೋಣಿಗಳಿಗೂ, ಕ್ಷೇತ್ರದ ನೀರಿಗೆ ಇಳಿಯುವ ಬೇರೆಯವರ ದೋಣಿಗಳಿಗೂ ಜೀವನಾಶಕ ಬಣ್ಣವಿರಕೂಡದು, ದಾನವಾಗಿ ಬಂದ ದೋಣಿಗೂ ಈ ನಿಯಮ ಅನ್ವಯಿಸತಕ್ಕದ್ದು. ತೋಟದ ಕೆರೆಯಲ್ಲಿ ದೋಣಿಯಿಟ್ಟಿರುವ ಶ್ರಾವಕರು ಅದರ ತಳಕ್ಕೆ ಬಳಿದುದೇನೆಂದು ಇಂದೇ ಪರಿಶೀಲಿಸಲಿ. ಬಣ್ಣದ ಅಂಗಡಿಯ ಬಂಧುಗಳು ಮುಂದಿನ ಆರ್ಡರಿನ ಪಟ್ಟಿಯಿಂದ ಆ ಒಂದು ಸಾಲನ್ನು ಹೊಡೆದುಹಾಕಲಿ. ಇದಕ್ಕೆ ಉಪವಾಸ ಬೇಕಿಲ್ಲ, ಸಂನ್ಯಾಸ ಬೇಕಿಲ್ಲ, ದೊಡ್ಡ ದೇಣಿಗೆಯೂ ಬೇಕಿಲ್ಲ. ಒಂದು ಪೆನ್ನಿನ ಗೆರೆ ಸಾಕು. ಅಷ್ಟನ್ನೂ ಮಾಡಲಾರೆವಾದರೆ, ಮುಂದಿನ ಪರ್ಯೂಷಣದಲ್ಲಿ ಸಕಲ ಜೀವರಾಶಿಯ ಕ್ಷಮೆಯನ್ನು ಬೇಡುವಾಗ ನೀರಿನ ಜೀವಿಗಳ ಹೆಸರನ್ನು ಮಾತ್ರ ಬಿಟ್ಟು ಬೇಡಬೇಕಾದೀತು.